ಜಾನ್ ಫಿಲಿಪ್ ಹಾಲೆಂಡ್

ಜಾನ್ ಫಿಲಿಪ್ ಹಾಲೆಂಡ್ (24 ಫೆಬ್ರವರಿ 1841 – 12 ಆಗಸ್ಟ್ 1914) ಐರ್ಲೆಂಡ್ ಮೂಲದ ಅಮೆರಿಕನ್ ಇಂಜಿನಿಯರ್. ಇವರನ್ನು ಆಧುನಿಕ ಜಲಾಂತರ್ಗಾಮಿಯ ಜನಕರೆಂದು ಪರಿಗಣಿಸಲಾಗುತ್ತದೆ. ಅಮೆರಿಕ ಮತ್ತು ಬ್ರಿಟನ್ ನೌಕಾಪಡೆಗಳ ಮೊದಲ ಆಧುನಿಕ ಜಲಾಂತರ್ಗಾಮಿಗಳು ಇವರ ವಿನ್ಯಾಸದಂತೆ ನಿರ್ಮಾಣಗೊಂಡವು. ಆದರೆ ಕೊನೆಯ ವರ್ಷಗಳಲ್ಲಿ ಸ್ವಂತ ಆವಿಷ್ಕಾರದ ಮೇಲೆ ಇವರಿಗೇ ಹಕ್ಕು ಉಳಿದಿರಲಿಲ್ಲ.

ಜನನ ಮತ್ತು ವೃತ್ತಿ

ಹಾಲೆಂಡ್ ಅವರು ಐರ್ಲೆಂಡಿನ ಕ್ಲೇರ್ ಪ್ರಾಂತ್ಯದ ಲಿಸ್ಕ್ಯಾನರ್ ಎಂಬ ಕಡಲತೀರದ ಊರಿನಲ್ಲಿ ಜನಿಸಿದರು. ತಂದೆ ಕರಾವಳಿ ಕಾವಲು ಪಡೆಯಲ್ಲಿದ್ದರು. ಮನೆಮಾತು ಐರಿಷ್ ಆಗಿದ್ದು, ಇಂಗ್ಲಿಷನ್ನು ಶಾಲೆಯಲ್ಲಿ ಕಲಿತರು. 1858ರಲ್ಲಿ ಕ್ರಿಶ್ಚಿಯನ್ ಬ್ರದರ್ಸ್ ಸಂಸ್ಥೆಯನ್ನು ಸೇರಿ ಶಿಕ್ಷಕರಾದರು. 1873ರಲ್ಲಿ ಅದನ್ನು ತೊರೆದು ಅಮೆರಿಕಕ್ಕೆ ತೆರಳಿ, ನ್ಯೂಜೆರ್ಸಿಯ ಪ್ಯಾಟರ್ಸನ್ ನಗರದಲ್ಲಿ ಶಿಕ್ಷಕ ವೃತ್ತಿಯನ್ನು ಮುಂದುವರಿಸಿದರು.

ಆರಂಭಿಕ ಪ್ರಯೋಗಗಳು

1875ರಲ್ಲಿ ಇವರು ಸಲ್ಲಿಸಿದ ಜಲಾಂತರ್ಗಾಮಿಯ ವಿನ್ಯಾಸವನ್ನು ಅಮೆರಿಕದ ನೌಕಾಪಡೆ ತಿರಸ್ಕರಿಸಿತು. ಬ್ರಿಟಿಷ್ ಆಳ್ವಿಕೆಯಿಂದ ಐರ್ಲೆಂಡಿನ ಬಿಡುಗಡೆಗಾಗಿ ಹೋರಾಡುತ್ತಿದ್ದ ಫೀನಿಯನ್ನರು ಆಗ ಧನಸಹಾಯಕ್ಕೆ ಮುಂದಾದರು. ಮೊದಲ ದೋಣಿಯನ್ನು 1878ರಲ್ಲಿ ಪಸೇಯಿಕ್ ನದಿಯಲ್ಲಿ ಪರೀಕ್ಷಿಸಲಾಯಿತು. ಫೀನಿಯನ್ ರ‍್ಯಾಮ್ ಎಂಬ ಎರಡನೆಯ ದೋಣಿ 1881ರಲ್ಲಿ ನೀರಿಗಿಳಿಯಿತು. ಹಣದ ವಿವಾದದಿಂದಾಗಿ 1883ರಲ್ಲಿ ಫೀನಿಯನ್ನರು ಅದನ್ನು ಹಾಲೆಂಡ್‌ಗೆ ತಿಳಿಸದೆ ಕೊಂಡೊಯ್ದರು. ಆದರೆ ಅದನ್ನು ನಡೆಸಲು ಅವರಿಗೆ ತಿಳಿಯಲಿಲ್ಲ. ಹಾಲೆಂಡ್ ನೆರವು ನೀಡಲು ನಿರಾಕರಿಸಿದರು. ಈ ದೋಣಿ ಈಗ ಪ್ಯಾಟರ್ಸನ್ ವಸ್ತುಸಂಗ್ರಹಾಲಯದಲ್ಲಿದೆ.

ಹಾಲೆಂಡ್ 6

1895ರಲ್ಲಿ ಹಾಲೆಂಡ್ ಅವರ ಕಂಪನಿಗೆ ನೌಕಾಪಡೆಯ ಗುತ್ತಿಗೆ ದೊರೆಯಿತು. ನೌಕಾಪಡೆಯ ಷರತ್ತಿನಂತೆ ಉಗಿಯಂತ್ರ ಅಳವಡಿಸಿದ ಪ್ಲಂಜರ್ ನೌಕೆ ಒಳಗಿನ ವಿಪರೀತ ಶಾಖದಿಂದ ವಿಫಲವಾಯಿತು. ಇದೇ ಅವಧಿಯಲ್ಲಿ ಹಾಲೆಂಡ್ ತಮ್ಮದೇ ಕಲ್ಪನೆಯಂತೆ ಮತ್ತೊಂದು ನೌಕೆಯನ್ನು ಕಟ್ಟಿಸಿದರು. 17 ಮೇ 1897ರಂದು ನೀರಿಗಿಳಿದ ಹಾಲೆಂಡ್ 6 ಸುಮಾರು 16 ಮೀಟರ್ ಉದ್ದವಿತ್ತು. ನೀರಿನ ಮೇಲೆ ಚಲಿಸುವಾಗ ಪೆಟ್ರೋಲ್ ಎಂಜಿನ್, ಮುಳುಗಿದಾಗ ಬ್ಯಾಟರಿಯ ವಿದ್ಯುತ್ ಮೋಟಾರು ಅದನ್ನು ನಡೆಸುತ್ತಿದ್ದವು. ನೌಕೆಯ ಸಮತೋಲ ಕೆಡದಂತೆ ತೊಟ್ಟಿಗಳಲ್ಲಿ ನೀರು ತುಂಬಿಸಿ, ಚುಕ್ಕಾಣಿ ಫಲಕಗಳಿಂದ ಮೂತಿಯನ್ನು ಕೆಳಕ್ಕೆ ಬಾಗಿಸಿ ಮುಳುಗಿಸಲಾಗುತ್ತಿತ್ತು. 11 ಏಪ್ರಿಲ್ 1900ರಂದು ನೌಕಾಪಡೆ ಇದನ್ನು 1,50,000 ಡಾಲರಿಗೆ ಖರೀದಿಸಿತು. ಅಮೆರಿಕದ ಜಲಾಂತರ್ಗಾಮಿ ಪಡೆ ಈ ದಿನವನ್ನೇ ತನ್ನ ಜನ್ಮದಿನವಾಗಿ ಆಚರಿಸುತ್ತದೆ. ಮರುವರ್ಷ ಬ್ರಿಟನ್ ಕೂಡ ಇವರ ವಿನ್ಯಾಸದಂತೆ ಹಾಲೆಂಡ್ 1 ನೌಕೆಯನ್ನು ನಿರ್ಮಿಸಿತು. ಹೀಗೆ ಬ್ರಿಟನ್ನಿನ ವಿರುದ್ಧ ಬಳಸಲೆಂದು ಫೀನಿಯನ್ನರ ಹಣದಿಂದ ಬೆಳೆದ ತಂತ್ರಜ್ಞಾನ ಬ್ರಿಟನ್ನಿನ ಕೈಸೇರಿತು.

ಕೊನೆಯ ವರ್ಷಗಳು

1899ರಲ್ಲಿ ಐಸಾಕ್ ರೈಸ್ ಸ್ಥಾಪಿಸಿದ ಎಲೆಕ್ಟ್ರಿಕ್ ಬೋಟ್ ಕಂಪನಿಯಲ್ಲಿ ಹಾಲೆಂಡ್ ಅವರ ಕಂಪನಿ ವಿಲೀನವಾಯಿತು. ಪೇಟೆಂಟುಗಳೂ ಅದರ ವಶವಾದವು. 1904ರಲ್ಲಿ ರಾಜೀನಾಮೆ ನೀಡಿದ ಹಾಲೆಂಡ್ ಹೊಸ ಉದ್ಯಮಕ್ಕೆ ಯತ್ನಿಸಿದಾಗ ಹಳೆಯ ಕಂಪನಿ ನ್ಯಾಯಾಲಯದ ಮೊರೆ ಹೋಯಿತು. ಹೂಡಿಕೆದಾರರು ಹಿಂದೆ ಸರಿದುದರಿಂದ ಆ ಪ್ರಯತ್ನ ಕೈಗೂಡಲಿಲ್ಲ. ಮೊದಲ ಮಹಾಯುದ್ಧದ ಆರಂಭದ ದಿನಗಳಲ್ಲಿ ಇವರು ನೂವಾರ್ಕ್ ನಗರದಲ್ಲಿ ನಿಧನರಾದರು. 22 ಸೆಪ್ಟೆಂಬರ್ 1914ರಂದು ಜರ್ಮನಿಯ ಯು-9 ಎಂಬ ಒಂದೇ ಜಲಾಂತರ್ಗಾಮಿ ಬ್ರಿಟನ್ನಿನ ಮೂರು ಯುದ್ಧನೌಕೆಗಳನ್ನು ಮುಳುಗಿಸಿತು. 1,400ಕ್ಕೂ ಹೆಚ್ಚು ನಾವಿಕರು ಸಾವನ್ನಪ್ಪಿದರು. ಜಲಾಂತರ್ಗಾಮಿಯ ಯುದ್ಧಬಲ ಜಗತ್ತಿಗೆ ಮನವರಿಕೆಯಾದದ್ದು ಹಾಲೆಂಡ್ ತೀರಿಕೊಂಡ ಆರು ವಾರಗಳೊಳಗೆ.

ಪ್ರಭಾವ

ಎರಡು ಬಗೆಯ ಯಂತ್ರಗಳನ್ನು ಒಂದೇ ನೌಕೆಯಲ್ಲಿ ಜೋಡಿಸುವ ತತ್ತ್ವ ಮುಂದೆ ಪೆಟ್ರೋಲಿನ ಬದಲು ಡೀಸೆಲ್ ಎಂಜಿನ್‌ನೊಂದಿಗೆ ಎಲ್ಲೆಡೆ ಬಳಕೆಗೆ ಬಂದಿತು. 8 ಡಿಸೆಂಬರ್ 1967ರಂದು ಸೇವೆಗೆ ಸೇರಿದ ಭಾರತೀಯ ನೌಕಾಪಡೆಯ ಮೊದಲ ಜಲಾಂತರ್ಗಾಮಿ ಐಎನ್‌ಎಸ್ ಕಲ್ವರಿ ಕೂಡ ಡೀಸೆಲ್-ವಿದ್ಯುತ್ ಮಾದರಿಯದಾಗಿತ್ತು.