ತಿಮ್ಮೋಜ
ತಿಮ್ಮೋಜ ವಿಜಯನಗರ ಸಾಮ್ರಾಜ್ಯದ ಕಾಲದಲ್ಲಿ ಹೊನ್ನಾವರವನ್ನು ನೆಲೆಯಾಗಿಸಿಕೊಂಡಿದ್ದ ನೌಕಾದಳಪತಿ. ತಿಮ್ಮಯ್ಯ, ತಿಮೋಜಿ ಎಂಬ ಹೆಸರುಗಳಿಂದಲೂ ಈತನನ್ನು ಗುರುತಿಸಲಾಗುತ್ತದೆ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ವಶಪಡಿಸಿಕೊಳ್ಳಲು ನೆರವಾದವನೆಂದು ಈತನು ಪ್ರಸಿದ್ಧನಾಗಿದ್ದಾನೆ.

ಹಿನ್ನೆಲೆ
ಶರಾವತಿ ನದಿಯು ಸಮುದ್ರವನ್ನು ಸೇರುವಲ್ಲಿರುವ ಹೊನ್ನಾವರ ಹಾಗೂ ಅದರ ದಕ್ಷಿಣಕ್ಕೆ ಜಾಲಿಯ ಸಮೀಪದಲ್ಲಿರುವ ಭಟ್ಕಳ ಆ ಕಾಲದ ಮುಖ್ಯ ಬಂದರುಗಳಾಗಿದ್ದವು. ಕಾಳುಮೆಣಸು, ಅಕ್ಕಿ ಮುಂತಾದವು ಇಲ್ಲಿಂದ ಹೊರಹೋಗುತ್ತಿದ್ದವು. ವಿಜಯನಗರದ ಸೇನೆಗೆ ಬೇಕಾದ ಕುದುರೆಗಳು ಅರೇಬಿಯಾ ಮತ್ತು ಹೊರ್ಮುಜ್‌ನಿಂದ ಬಂದಿಳಿಯುತ್ತಿದ್ದವು. ಬಿಜಾಪುರದ ಅಧೀನದಲ್ಲಿದ್ದ ಗೋವೆ ಈ ವ್ಯಾಪಾರದಲ್ಲಿ ಪ್ರತಿಸ್ಪರ್ಧಿಯಾಗಿತ್ತು. ಗೋವೆಯತ್ತ ಸಾಗುವ ಹಡಗುಗಳ ಮೇಲೆ ದಾಳಿ ನಡೆಸುವುದು ತಿಮ್ಮೋಜನ ದಳದ ಕಾರ್ಯಗಳಲ್ಲಿ ಒಂದಾಗಿತ್ತು.

ಮಾರುತಗಳು ಮತ್ತು ನೌಕಾಯಾನ
ಹಾಯಿಹಡಗುಗಳ ಸಂಚಾರವು ಋತುಮಾನದ ಗಾಳಿಗೆ ಅಧೀನವಾಗಿತ್ತು. ನೈಋತ್ಯ ಮಾರುತವು ಆಫ್ರಿಕಾ ಮತ್ತು ಅರೇಬಿಯಾದ ಹಡಗುಗಳನ್ನು ಭಾರತದತ್ತ ತರುತ್ತಿತ್ತು. ಈಶಾನ್ಯ ಮಾರುತವು ಅವುಗಳನ್ನು ಹಿಂದಕ್ಕೆ ಕೊಂಡೊಯ್ಯುತ್ತಿತ್ತು. ಮಳೆಗಾಲದ ನಡುವಿನ ತಿಂಗಳುಗಳಲ್ಲಿ ಕಡಲು ಉಕ್ಕಿ, ಅಳಿವೆಗಳಲ್ಲಿ ಸಂಚಾರ ಅಪಾಯಕರವಾಗಿ ಬಂದರುಗಳು ಮುಚ್ಚುತ್ತಿದ್ದವು.

ಈ ಲೆಕ್ಕ ತಪ್ಪಿದರೆ ಆಗುವ ನಷ್ಟಕ್ಕೆ ವಾಸ್ಕೋ ಡ ಗಾಮನ ಮೊದಲ ಯಾನವು ನಿದರ್ಶನ. 1498ರ ಏಪ್ರಿಲ್–ಮೇ ತಿಂಗಳಲ್ಲಿ ಆತನು ಅನುಕೂಲಕರ ಗಾಳಿಯಲ್ಲಿ ಮಾಲಿಂದಿಯಿಂದ ಕಲ್ಲಿಕೋಟೆಯ ಕರಾವಳಿಯನ್ನು ಒಂದು ತಿಂಗಳೊಳಗೆ ತಲುಪಿದ್ದನು. ಈಶಾನ್ಯ ಮಾರುತವು ನೆಲೆಗೊಳ್ಳುವ ಮೊದಲೇ, ಅಕ್ಟೋಬರ್ ಆರಂಭದಲ್ಲಿ, ಕಾರವಾರದ ಬಳಿಯ ಅಂಜದೀವ ದ್ವೀಪದಿಂದ ಹೊರಟಾಗ ಅದೇ ಸಾಗರವನ್ನು ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ಅನೇಕ ನಾವಿಕರು ಸ್ಕರ್ವಿ ರೋಗದಿಂದ ಮೃತಪಟ್ಟರು.

ಗೋವೆಯ ವಿಜಯ
1510ರ ಆರಂಭದಲ್ಲಿ ಪೋರ್ಚುಗೀಸ್ ಅಧಿಕಾರಿ ಅಫೊನ್ಸೊ ಡ ಅಲ್ಬುಕರ್ಕ್ ತನ್ನ ನೌಕಾಪಡೆಯೊಂದಿಗೆ ಉತ್ತರಕ್ಕೆ ಸಾಗುತ್ತಿದ್ದಾಗ, ಗೋವೆಯ ಮೇಲೆ ದಾಳಿ ಮಾಡುವಂತೆ ತಿಮ್ಮೋಜನು ಸೂಚಿಸಿದನು. ಫೆಬ್ರವರಿಯಲ್ಲಿ ನಗರವು ಸುಲಭವಾಗಿ ವಶವಾಯಿತು. ಆದರೆ ಮಳೆಗಾಲದ ಹೊಸ್ತಿಲಲ್ಲಿ, ಮೇ ತಿಂಗಳಲ್ಲಿ, ಬಿಜಾಪುರದ ಸೇನೆಯು ಅದನ್ನು ಮರಳಿ ಪಡೆಯಿತು. ಹಡಗುಗಳನ್ನೇರಿದ ಪೋರ್ಚುಗೀಸರು ಅಳಿವೆಯನ್ನು ದಾಟಲಾಗದೆ, ಆಗಸ್ಟ್‌ವರೆಗೆ ಮಾಂಡೋವಿ ನದಿಯಲ್ಲಿ ಹಸಿವು ಮತ್ತು ಗುಂಡಿನ ದಾಳಿಯ ನಡುವೆ ಸಿಲುಕಿದರು. ಕಡಲು ಶಾಂತವಾದ ನಂತರ ಬಲವನ್ನು ಕೂಡಿಸಿಕೊಂಡು ನವೆಂಬರ್ 25ರಂದು ಗೋವೆಯನ್ನು ಪುನಃ ಗೆದ್ದರು.

ಪರಿಣಾಮ
ಗೋವೆಯ ಆಡಳಿತದಲ್ಲಿ ತಿಮ್ಮೋಜನಿಗೆ ಅಧಿಕಾರ ದೊರೆತರೂ ಆತನ ಪ್ರಭಾವ ಹೆಚ್ಚು ಕಾಲ ಉಳಿಯಲಿಲ್ಲ. ಅಲ್ಬುಕರ್ಕ್ ಕುದುರೆ ಹಡಗುಗಳನ್ನು ಗೋವೆಗೇ ಬರುವಂತೆ ನಿರ್ಬಂಧಿಸಿದ್ದರಿಂದ ಭಟ್ಕಳದ ಕುದುರೆ ವ್ಯಾಪಾರಕ್ಕೆ ಪೆಟ್ಟು ಬಿದ್ದಿತು. ಪೋರ್ಚುಗೀಸರ ಪರವಾನಗಿ ಪತ್ರವಿಲ್ಲದ ಹಡಗುಗಳು ಮುಟ್ಟುಗೋಲಿಗೆ ಒಳಗಾಗುತ್ತಿದ್ದವು. ತಾನು ರಕ್ಷಿಸಿದ ಬಂದರುಗಳ ಹಿತಕ್ಕೆ ತಿಮ್ಮೋಜನು ತಂದ ನೆರವೇ ಹೀಗೆ ಮುಳುವಾಯಿತು.

ಇಂಧನಚಾಲಿತ ಹಡಗುಗಳು ಬಂದ ಮೇಲೆ ಗಾಳಿಯ ಮೇಲಿನ ಅವಲಂಬನೆ ತಪ್ಪಿತು. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಅಧ್ಯಯನದ ಪ್ರಕಾರ 2018ರಲ್ಲಿ ಮಾನವ ಚಟುವಟಿಕೆಯ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ನೌಕಾಯಾನದ ಪಾಲು ಸುಮಾರು ಶೇ. 2.9ರಷ್ಟಿತ್ತು. ಇಂಧನವನ್ನು ಉಳಿಸಲು ಹವಾಮಾನ ಮುನ್ಸೂಚನೆಯನ್ನು ಆಧರಿಸಿ ಮಾರ್ಗವನ್ನು ನಿರ್ಧರಿಸುವ ಇಂದಿನ ಪದ್ಧತಿಯಲ್ಲಿ, ತಿಮ್ಮೋಜನ ಕಾಲದ ನಾವಿಕರು ಪಾಲಿಸುತ್ತಿದ್ದ ಗಾಳಿಯ ಲೆಕ್ಕವು ಮತ್ತೆ ಮಹತ್ವ ಪಡೆದಿದೆ.