ರಾಮನ್ ಕಚೇರಿ ಮುಂದೆ ಸತ್ಯಾಗ್ರಹ, ಆದಿವಾಸಿ ಮಕ್ಕಳಿಗೆ ನೀರಾ: ಇದು ವಿಜ್ಞಾನಿ ಕಮಲಾ ಸೊಹೊನಿ ಕಥೆ

ಘಾಟ್ಕೋಪರ್‌ನಲ್ಲಿ ಸೆಂಟ್ರಲ್ ಲೈನಿನ ಲೋಕಲ್ ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿದು, ಫೋರ್ಟ್ ಮತ್ತು ಕಾಲಾ ಘೋಡಾ ದಾಟಿ ರೀಗಲ್ ಚಿತ್ರಮಂದಿರದ ಕಡೆ ನಡೆದರೆ ಹಳೆಯ ಕಲ್ಲಿನ ಕಟ್ಟಡವೊಂದು ಸಿಗುತ್ತದೆ. 1920ರಲ್ಲಿ ಬಾಗಿಲು ತೆರೆದ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಅದು. ಪಕ್ಕದ ಆರ್ಟ್ ಗ್ಯಾಲರಿಗೆ ಹೋಗುವ ಜನರಲ್ಲಿ ಹೆಚ್ಚಿನವರು ಈ ಕಟ್ಟಡದತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಇದೇ ಸಂಸ್ಥೆಯ ಜೀವರಸಾಯನ ಪ್ರಯೋಗಾಲಯದಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಒಬ್ಬ ಮಹಿಳೆ ಮತ್ತು ಅವರ ವಿದ್ಯಾರ್ಥಿಗಳು ತಾಳೆ ಮರದಿಂದ ಇಳಿಸಿದ ನೀರಾವನ್ನು ಮುಂದಿಟ್ಟುಕೊಂಡು ಒಂದು ಸರಳ ಪ್ರಶ್ನೆ ಕೇಳಿದ್ದರು. ಊಟ ಸಾಲದೆ ಬಡಕಲಾದ ಆದಿವಾಸಿ ಹದಿಹರೆಯದ ಮಕ್ಕಳಿಗೆ, ಗರ್ಭಿಣಿಯರಿಗೆ ಇದನ್ನು ಕೊಟ್ಟರೆ ಅವರ ಆರೋಗ್ಯ ಸುಧಾರಿಸುತ್ತದೆಯೇ?

ಉತ್ತರ ಹೌದು ಎಂದೇ ಬಂತು. ಆ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿಯೂ ಸಿಕ್ಕಿತು. ಆ ಮಹಿಳೆಯ ಹೆಸರು ಡಾ. ಕಮಲಾ ಸೊಹೊನಿ. ಅವರ ಕಥೆಯ ಮೊದಲ ದೊಡ್ಡ ತಿರುವು ನಡೆದಿದ್ದು ನಮ್ಮ ಬೆಂಗಳೂರಿನಲ್ಲಿ.

ಬೆಂಗಳೂರಿನಿಂದ ಬಂದ 'ಇಲ್ಲ'

ಕಮಲಾ ಭಾಗವತ್ ಹುಟ್ಟಿದ್ದು 1911ರ ಜೂನ್ 18ರಂದು, ಇಂದೋರ್‌ನಲ್ಲಿ. ತಂದೆ ನಾರಾಯಣರಾವ್ ಭಾಗವತ್, ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿಗರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಆಗಿಯೇ ಉಳಿದಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಮೊದಮೊದಲ ತಂಡಗಳಲ್ಲಿ ಇವರಿದ್ದರು. ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ದೊಡ್ಡ ಲೇಖಕಿಯಾದರು, ತುರ್ತು ಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿ ಜೈಲು ಕಂಡರು. ಅಕ್ಕತಂಗಿಯರಿಬ್ಬರೂ ಅಂಜುವ ಜಾತಿಯವರಲ್ಲ ಎನ್ನಲು ಇಷ್ಟು ಸಾಕು.

1933ರಲ್ಲಿ ಕಮಲಾ ಬಾಂಬೆ ವಿಶ್ವವಿದ್ಯಾಲಯದ ಬಿಎಸ್ಸಿಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ರಸಾಯನಶಾಸ್ತ್ರ ಮುಖ್ಯ ವಿಷಯ. ಅಪ್ಪ, ಚಿಕ್ಕಪ್ಪ ಓದಿದ ಸಂಸ್ಥೆಯಲ್ಲೇ ಸಂಶೋಧನೆ ಮಾಡಬೇಕೆಂದು ಅರ್ಜಿ ಹಾಕಿದರು. ಅದೇ ವರ್ಷ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಮೂರು ವರ್ಷದ ಹಿಂದಷ್ಟೇ ನೊಬೆಲ್ ಪಡೆದಿದ್ದ ರಾಮನ್, ಅರ್ಜಿ ತಿರಸ್ಕರಿಸಿದರು. ಅಂಕ ಕಡಿಮೆ ಇತ್ತೆಂದಲ್ಲ, ಅರ್ಜಿದಾರರು ಹೆಣ್ಣು ಎಂಬ ಕಾರಣಕ್ಕೆ.

ಬೇರೆ ಯಾರಾದರೂ ಆಗಿದ್ದರೆ ಊರಿಗೆ ಮರಳಿ ಟೀಚರ್ ಕೆಲಸ ಹುಡುಕುತ್ತಿದ್ದರೇನೋ. ಕಮಲಾ ಗಾಂಧೀಜಿಯನ್ನು ನಂಬಿದವರು. ಬೆಂಗಳೂರಿಗೆ ಬಂದು ರಾಮನ್ ಅವರ ಕಚೇರಿ ಎದುರೇ ಸತ್ಯಾಗ್ರಹ ಹೂಡಿದರು. ನೊಬೆಲ್ ವಿಜ್ಞಾನಿ ಕೊನೆಗೂ ಮಣಿದರು, ಆದರೆ ಷರತ್ತು ಹಾಕಿದರು. ಮೊದಲ ವರ್ಷ ಪೂರ್ಣಾವಧಿ ಅಭ್ಯರ್ಥಿ ಎಂದು ಪರಿಗಣಿಸುವುದಿಲ್ಲ, ಅದೇನಿದ್ದರೂ ಪರೀಕ್ಷಾ ಅವಧಿ. ಮಾರ್ಗದರ್ಶಕರು ಹೇಳಿದರೆ ತಡರಾತ್ರಿಯಾದರೂ ಕೆಲಸ ಮಾಡಬೇಕು. ಕೆಲಸ ನಿರ್ದೇಶಕರಿಗೆ ತೃಪ್ತಿಯಾದರೆ ಮಾತ್ರ ಮಾನ್ಯತೆ. ಜೊತೆಗೆ ಪ್ರಯೋಗಾಲಯದ ವಾತಾವರಣ ಕೆಡಿಸಬಾರದು, ಅಂದರೆ ಗಂಡು ಸಂಶೋಧಕರ ಗಮನ ಆಚೀಚೆ ಆಗಬಾರದು!

ಕೊನೆಯ ಷರತ್ತು ಓದುವಾಗ ಇಂದಿಗೂ ಮೈ ಉರಿಯುತ್ತದೆ. ಆ ಕಾಲವೇ ಹಾಗಿತ್ತು ಎಂದು ರಾಮನ್ ಅವರನ್ನು ಬಿಟ್ಟುಬಿಡುವುದು ಸುಲಭ. ಆದರೆ ಅದೇ ಕಾಲದಲ್ಲಿ ಕೇಂಬ್ರಿಡ್ಜ್‌ನ ಜೀವರಸಾಯನ ವಿಭಾಗದಲ್ಲಿ ಮಹಿಳೆಯರು ಸಂಶೋಧನೆ ಮಾಡುತ್ತಿದ್ದರು ಎಂಬುದನ್ನೂ ಮರೆಯುವಂತಿಲ್ಲ. ಕಮಲಾ ಷರತ್ತು ಒಪ್ಪಿಕೊಂಡರು. ಅವಮಾನ ಆಯಿತೆಂಬುದನ್ನು ಮಾತ್ರ ಮರೆಯಲಿಲ್ಲ, ದಶಕಗಳ ನಂತರವೂ ಅದನ್ನು ಹೇಳಿಕೊಂಡರು.

ಮಾರ್ಗದರ್ಶಕರಾಗಿ ಸಿಕ್ಕಿದವರು ಎಂ. ಶ್ರೀನಿವಾಸಯ್ಯ. ಶಿಸ್ತಿನ ಮನುಷ್ಯ, ಕಲಿಸುವುದರಲ್ಲಿ ಧಾರಾಳಿ. ಅವರ ಕೈಕೆಳಗೆ ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೊಟೀನ್ ಅಧ್ಯಯನ ಶುರು ಮಾಡಿದರು. ವರ್ಷ ಮುಗಿಯುವ ಹೊತ್ತಿಗೆ ರಾಮನ್ ಅವರಿಗೆ ತೃಪ್ತಿಯಾಗಿತ್ತು. ಕಮಲಾ ಅವರಿಗೆ ಮಾನ್ಯತೆ ಸಿಕ್ಕಿತು, ಸಂಸ್ಥೆಯಲ್ಲಿ ಹೆಣ್ಣುಮಕ್ಕಳ ಪ್ರವೇಶಕ್ಕೂ ದಾರಿಯಾಯಿತು. ಮುಂದೆ ಹವಾಮಾನ ವಿಜ್ಞಾನದಲ್ಲಿ ಹೆಸರು ಮಾಡಿದ ಅನ್ನಾ ಮಣಿ 1940ರಲ್ಲಿ ಸ್ವತಃ ರಾಮನ್ ಅವರ ಪ್ರಯೋಗಾಲಯಕ್ಕೇ ಸೇರಿದ್ದನ್ನು ಇಲ್ಲಿ ನೆನೆಯಬಹುದು.

ಹದಿನಾಲ್ಕು ತಿಂಗಳು, ನಲವತ್ತು ಪುಟ

1936ರಲ್ಲಿ ಎಂಎಸ್ಸಿ ಮುಗಿಸಿದ ಕಮಲಾ, ವಿದ್ಯಾರ್ಥಿವೇತನ ಪಡೆದು ಕೇಂಬ್ರಿಡ್ಜ್‌ಗೆ ಹೋದರು. ಅಲ್ಲಿ ವಿಟಮಿನ್ ಸಂಶೋಧನೆಗೆ 1929ರಲ್ಲಿ ನೊಬೆಲ್ ಹಂಚಿಕೊಂಡ ಫ್ರೆಡರಿಕ್ ಗೌಲ್ಯಾಂಡ್ ಹಾಪ್ಕಿನ್ಸ್ ಅವರ ವಿಭಾಗ. ಬೆಳೆಯುವ ಇಲಿಮರಿಗಳ ಆಹಾರಕ್ಕೆ ಒಂದಿಷ್ಟು ಹಾಲು ಸೇರಿಸಿದರೆ ಬೆಳವಣಿಗೆ ಹೇಗೆ ಬದಲಾಗುತ್ತದೆ ಎಂದು ತೋರಿಸಿಕೊಟ್ಟವರು ಹಾಪ್ಕಿನ್ಸ್. ಕಮಲಾ ಮುಂದೆ ಮುಂಬೈಯಲ್ಲಿ ಮಾಡಿದ್ದಕ್ಕೂ ಇದಕ್ಕೂ ನಂಟಿದೆ ಅನಿಸದೇ ಇರದು.

ಮೊದಲು ಡೆರಿಕ್ ರಿಕ್ಟರ್, ಬಳಿಕ ರಾಬಿನ್ ಹಿಲ್ ಜೊತೆ ಅವರು ಕೆಲಸ ಮಾಡಿದರು. ಆಲೂಗಡ್ಡೆಯನ್ನು ಪರೀಕ್ಷಿಸುವಾಗ ಸೈಟೋಕ್ರೋಮ್ ಸಿ ಎಂಬ ಪ್ರೊಟೀನ್ ಕಣ್ಣಿಗೆ ಬಿತ್ತು. ಜೀವಕೋಶ ಉಸಿರಾಡುವಾಗ ಎಲೆಕ್ಟ್ರಾನ್‌ಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಪ್ರೊಟೀನ್ ಇದು. ಪ್ರಾಣಿಗಳಲ್ಲಿ ಇರುವಂತೆ ಸಸ್ಯದ ಜೀವಕೋಶಗಳಲ್ಲೂ ಇದು ಇದೆ ಎಂದು ಕಮಲಾ ತೋರಿಸಿದರು. ಹದಿನಾಲ್ಕೇ ತಿಂಗಳಲ್ಲಿ ಪ್ರಬಂಧ ಸಿದ್ಧ, ಅದೂ ನಲವತ್ತೇ ಪುಟ. 1939ರಲ್ಲಿ ಪಿಎಚ್‌ಡಿ ಬಂತು. ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಕರೆಯುವ ರೂಢಿಯಿದೆ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಷಿಗನ್‌ನಿಂದ ಡಿಎಸ್ಸಿ ಪಡೆದಿದ್ದರಿಂದ ಈ ಪಟ್ಟದ ಬಗ್ಗೆ ತಕರಾರೂ ಇದೆ. ಮೊದಲಿಗರು ಯಾರೇ ಇರಲಿ, ಇಬ್ಬರ ಸಾಧನೆಯೂ ಸಣ್ಣದಾಗುವುದಿಲ್ಲ.

ವಿದೇಶದಲ್ಲೇ ಉಳಿಯಬಹುದಿತ್ತು. 1939ರಲ್ಲೇ ಭಾರತಕ್ಕೆ ಬಂದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ನಂತರ ನೀಲಗಿರಿಯ ಕೂನೂರಿನ ಪೌಷ್ಟಿಕಾಂಶ ಸಂಶೋಧನಾ ಪ್ರಯೋಗಾಲಯದಲ್ಲಿ ಸಹಾಯಕ ನಿರ್ದೇಶಕಿಯಾಗಿ ವಿಟಮಿನ್‌ಗಳ ಬಗ್ಗೆ ಕೆಲಸ ಮಾಡಿದರು. ಅಲ್ಲಿ ಮೇಲೇರುವ ದಾರಿ ಕಾಣಲಿಲ್ಲ. 1947ರಲ್ಲಿ ವಿಮಾ ಲೆಕ್ಕತಜ್ಞ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬೈಗೆ ಬಂದರು, ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕಿಯಾದರು.

ಕಳ್ಳಲ್ಲ, ನೀರಾ

ಮುಂಬೈ ಕನ್ನಡಿಗರಿಗೆ, ಅದರಲ್ಲೂ ಉಡುಪಿ, ದಕ್ಷಿಣ ಕನ್ನಡ ಮೂಲದವರಿಗೆ ಮೂರ್ತೆದಾರಿಕೆ ಬಗ್ಗೆ ಹೇಳಿಕೊಡಬೇಕಿಲ್ಲ. ತಾಳೆ ಅಥವಾ ತೆಂಗಿನ ಮರದ ಹೊಂಬಾಳೆ ಕೊಯ್ದು, ಮಡಕೆ ಕಟ್ಟಿ, ರಾತ್ರಿಯಿಡೀ ತೊಟ್ಟಿಕ್ಕುವ ರಸವನ್ನು ಬಿಸಿಲೇರುವ ಮುನ್ನ ಇಳಿಸಿದರೆ ಅದು ನೀರಾ. ಮಡಕೆಯ ಒಳಗೆ ಸುಣ್ಣ ಬಳಿದರೆ ಹುಳಿ ಬರುವುದು ತಡವಾಗುತ್ತದೆ. ಹೊತ್ತೇರಿ ಹುಳಿ ಬಂದರೆ ಅದೇ ಕಳ್ಳು. ಕೆಲವೇ ಗಂಟೆಗಳ ಈ ವ್ಯತ್ಯಾಸದಿಂದಾಗಿ ನೀರಾ ಸದಾ ಅಬಕಾರಿ ಇಲಾಖೆಯ ಅನುಮಾನದ ಕಣ್ಣಿಗೆ ಬಿದ್ದಿದೆ. ನಮ್ಮಲ್ಲೂ 2001ರಲ್ಲಿ ಚನ್ನಪಟ್ಟಣದ ವಿಠಲೇನಹಳ್ಳಿಯಲ್ಲಿ ನೀರಾ ಚಳವಳಿ ಗೋಲಿಬಾರ್‌ವರೆಗೆ ಹೋಗಿತ್ತು.

ಸೊಹೊನಿ ನೀರಾ ಕಡೆ ತಿರುಗಿದ್ದು ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದ್ ಅವರ ಸಲಹೆಯ ಮೇರೆಗೆ. ಆಗ ಬಾಂಬೆ ರಾಜ್ಯದಲ್ಲಿ ಪಾನನಿಷೇಧ ಕಾಯ್ದೆ ಜಾರಿಯಲ್ಲಿತ್ತು. ಕಳ್ಳಿಗೆ ನಿಷೇಧ, ಮರ ಹತ್ತುವವರ ಹೊಟ್ಟೆಪಾಡಿಗೆ ನೀರಾ ಮತ್ತು ತಾಳೆ ಬೆಲ್ಲವೇ ಗತಿ ಎಂಬ ಸ್ಥಿತಿ. ನೀರಾ ಒಳ್ಳೆಯದು ಎಂದು ಗಾಂಧಿವಾದಿಗಳು ಹೇಳುತ್ತಿದ್ದರು ನಿಜ. ಆದರೆ ಒಳ್ಳೆಯದು ಎಂದರೆ ಎಷ್ಟು, ಯಾರಿಗೆ ಎಂಬುದಕ್ಕೆ ಪ್ರಯೋಗಾಲಯದ ಲೆಕ್ಕ ಬೇಕಿತ್ತು.

ಸೊಹೊನಿ ಮತ್ತು ವಿದ್ಯಾರ್ಥಿಗಳು ಆ ಲೆಕ್ಕ ಹಾಕಿದರು. ನೀರಾದಲ್ಲಿ ವಿಟಮಿನ್ ಎ, ವಿಟಮಿನ್ ಸಿ ಮತ್ತು ಕಬ್ಬಿಣದ ಅಂಶ ಗಣನೀಯವಾಗಿ ಇವೆ, ರಸವನ್ನು ಕುದಿಸಿ ಬೆಲ್ಲ ಮಾಡಿದಾಗಲೂ ಇವು ಉಳಿಯುತ್ತವೆ ಎಂದು ಕಂಡುಕೊಂಡರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದೊಂದು ಒಳ್ಳೆಯ ರಸಾಯನಶಾಸ್ತ್ರ ಪ್ರಬಂಧ ಆಗಿರುತ್ತಿತ್ತು. ಗಾಜಿನ ಕೊಳವೆಯಲ್ಲಿ ಕಂಡ ಪೌಷ್ಟಿಕಾಂಶ ಮೈಗೆ ಹತ್ತುತ್ತದೆಯೇ ಎಂಬುದು ಮುಂದಿನ ಹೆಜ್ಜೆ. ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಆದಿವಾಸಿ ಸಮುದಾಯದ ಹದಿಹರೆಯದವರು ಮತ್ತು ಗರ್ಭಿಣಿಯರ ಆಹಾರದಲ್ಲಿ ನೀರಾ ಸೇರಿಸಿದಾಗ ಆರೋಗ್ಯದಲ್ಲಿ ಸ್ಪಷ್ಟ ಸುಧಾರಣೆ ಕಂಡಿತು.

ಹದಿಹರೆಯದವರೇ ಯಾಕೆ? ಶೈಶವ ಬಿಟ್ಟರೆ ದೇಹ ಅತಿ ವೇಗವಾಗಿ ಬೆಳೆಯುವುದು ಈ ವಯಸ್ಸಿನಲ್ಲೇ. ಎಲುಬು, ಸ್ನಾಯು, ರಕ್ತ ಎಲ್ಲವೂ ಒಟ್ಟಿಗೆ ಹೆಚ್ಚಾಗಬೇಕು. ಹೆಣ್ಣುಮಕ್ಕಳಿಗೆ ಮುಟ್ಟು ಶುರುವಾಗುವುದರಿಂದ ಕಬ್ಬಿಣದ ಅಗತ್ಯ ಇನ್ನೂ ಜಾಸ್ತಿ. ವಿಟಮಿನ್ ಸಿ ಇದ್ದರೆ ಸಸ್ಯಾಹಾರದಲ್ಲಿನ ಕಬ್ಬಿಣವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ, ನೀರಾದಲ್ಲಿ ಎರಡೂ ಒಟ್ಟಿಗೇ ಇವೆ. ಹಾಲು, ಮೊಟ್ಟೆ, ಹಣ್ಣು ಕೊಳ್ಳಲಾಗದ ಮನೆಗೆ ಅಂಗಳದಾಚೆಯ ಮರದಲ್ಲೇ ಪೌಷ್ಟಿಕಾಂಶ ಸಿಗುವುದಾದರೆ ಅದಕ್ಕಿಂತ ಅಗ್ಗದ ದಾರಿ ಯಾವುದು? ಹಾಗೆಂದು ನೀರಾ ಅಮೃತವೇನಲ್ಲ. ಅದರಲ್ಲಿ ನೂರಕ್ಕೆ ಸುಮಾರು ಹತ್ತು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಕ್ಕರೆಯಿದೆ. ಹೊಟ್ಟೆ ತುಂಬಿದ ನಗರದ ಮಗುವಿಗೆ ಇಂದಿನ ಆಹಾರ ತಜ್ಞರು ಇದನ್ನು ಹೇಳಲಿಕ್ಕಿಲ್ಲ. ಸೊಹೊನಿ ಯೋಚಿಸಿದ್ದು ಹೊಟ್ಟೆ ತುಂಬದ ಮಕ್ಕಳ ಬಗ್ಗೆ.

ಸಮಸ್ಯೆ ಇನ್ನೂ ಮುಗಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 59.1ರಷ್ಟು, ಅದೇ ವಯಸ್ಸಿನ ಗಂಡುಮಕ್ಕಳಲ್ಲಿ ಶೇ 31.1ರಷ್ಟು ಮಂದಿಗೆ ರಕ್ತಹೀನತೆ ಇದೆ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಇದೇ ಕಾರಣಕ್ಕೆ.

ಅವರೆಕಾಳಿನ ಗುಟ್ಟು

ಸೊಹೊನಿ ತಂಡದ ಇನ್ನೊಂದು ಕೆಲಸ ನಮ್ಮ ಅಡುಗೆಮನೆಗೆ ನೇರ ಸಂಬಂಧಿಸಿದ್ದು. ಹಸಿ ಕಾಳುಗಳಲ್ಲಿ ಪ್ರೊಟೀನ್ ಜೀರ್ಣವಾಗದಂತೆ ತಡೆಯುವ ಅಂಶಗಳಿರುತ್ತವೆ. ಕರುಳಿನಲ್ಲಿ ಪ್ರೊಟೀನ್ ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವದ ಕೈ ಕಟ್ಟಿಹಾಕುವ ಈ ಅಂಶಗಳನ್ನು ಭಾರತೀಯ ಆಹಾರಗಳಲ್ಲಿ ಹುಡುಕಿ ಅವರು 1950ರ ದಶಕದಲ್ಲೇ ಪ್ರಕಟಿಸಿದರು. ಕೆಂಪು ರಕ್ತಕಣಗಳನ್ನು ಗಂಟುಗಟ್ಟಿಸುವ ಪ್ರೊಟೀನ್ ಒಂದನ್ನು ಅವರೆಕಾಳಿನಿಂದ ಬೇರ್ಪಡಿಸಿದ ಪ್ರಬಂಧ 1965ರದ್ದು. ಚೆನ್ನಾಗಿ ಬೇಯಿಸಿದರೆ ಇಂಥ ಅಂಶಗಳಲ್ಲಿ ಬಹುಪಾಲು ನಾಶವಾಗುತ್ತವೆ, ಹಾಗಾಗಿ ಹಿತಕಿದ ಬೇಳೆ ಸಾರಿನ ಪ್ರಿಯರು ಗಾಬರಿಯಾಗಬೇಕಿಲ್ಲ! ಪ್ರೊಟೀನ್‌ಗೆ ಕಾಳನ್ನೇ ನಂಬಿದ ಬಡ ಮನೆಯ ಮಗುವಿಗೆ ತಟ್ಟೆಯಲ್ಲಿದ್ದುದರಲ್ಲಿ ಎಷ್ಟು ನಿಜಕ್ಕೂ ದಕ್ಕುತ್ತದೆ ಎಂಬುದು ಇಲ್ಲಿದ್ದ ಪ್ರಶ್ನೆ.

ಗೋರೆಗಾಂವ್‌ನ ಆರೇ ಹಾಲು ಯೋಜನೆಗೂ ಅವರು ಗುಣಮಟ್ಟದ ಸಲಹೆಗಾರರಾಗಿದ್ದರು. ಹಾಲು ಒಡೆಯದಂತೆ ನೋಡಿಕೊಳ್ಳುವ ವಿಧಾನ ರೂಪಿಸಿಕೊಟ್ಟರು. ಬೆಳಗಿನ ಜಾವ ಆರೇ ಬೂತ್ ಮುಂದೆ ಬಾಟಲಿ ಹಿಡಿದು ಸಾಲು ನಿಂತ ನೆನಪಿರುವ ಹಿರಿಯರು ಉಪನಗರಗಳಲ್ಲಿ ಇಂದಿಗೂ ಇದ್ದಾರೆ.

ಇಷ್ಟೆಲ್ಲ ಮಾಡಿದ ಮೇಲೂ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕಿ ಹುದ್ದೆ ಸುಲಭಕ್ಕೆ ದಕ್ಕಲಿಲ್ಲ. ಅರ್ಹತೆ ಇದ್ದರೂ ನಾಲ್ಕು ವರ್ಷ ಕಾಯಿಸಲಾಯಿತು. ಬೆಂಗಳೂರಿನಲ್ಲಿ 1933ರಲ್ಲಿ ನೇರವಾಗಿ ಹೇಳಿದ ಕಾರಣವನ್ನು ಮುಂಬೈಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಕೊನೆಗೆ ಅವರು ನಿರ್ದೇಶಕಿಯಾದರು.

ನಿವೃತ್ತಿಯ ನಂತರವೂ ಸುಮ್ಮನೆ ಕೂರಲಿಲ್ಲ. 1966ರಲ್ಲಿ ಮುಂಬೈಯಲ್ಲಿ ಒಂಬತ್ತು ಮಹಿಳೆಯರು ಸೇರಿ ಕಟ್ಟಿದ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾದಲ್ಲಿ ಸಕ್ರಿಯರಾಗಿದ್ದ ಅವರು, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಸೊಸೈಟಿಯ 'ಕೀಮತ್' ಪತ್ರಿಕೆಯಲ್ಲಿ ಗ್ರಾಹಕರ ಸುರಕ್ಷತೆ ಬಗ್ಗೆ ಬರೆದರು. ದೊಡ್ಡ ವಿಜ್ಞಾನಿಯೊಬ್ಬರು ದಿನಸಿ ಅಂಗಡಿಯ ಗ್ರಾಹಕರಿಗಾಗಿ ಬರೆಯುವುದು ಆಗಲೂ ಅಪರೂಪವೇ.

ದೊಡ್ಡ ಮಟ್ಟದ ಗೌರವ ಬಂದಿದ್ದು ತೀರಾ ತಡವಾಗಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೆಹಲಿಯಲ್ಲಿ ಸನ್ಮಾನ ಸಮಾರಂಭ ಏರ್ಪಡಿಸಿತು. ಇಳಿವಯಸ್ಸಿನ ಸೊಹೊನಿ ಹೋದರು. ಅದೇ ಸಮಾರಂಭದಲ್ಲಿ ಕುಸಿದು ಬಿದ್ದರು. ಅದಾಗಿ ಹೆಚ್ಚು ದಿನ ಬದುಕಲಿಲ್ಲ, 1998ರಲ್ಲಿ ತೀರಿಕೊಂಡರು. 2023ರ ಜೂನ್ 18ರಂದು ಗೂಗಲ್ ತನ್ನ ಮುಖಪುಟದ ಡೂಡಲ್‌ನಲ್ಲಿ ಅವರ ಚಿತ್ರ ಹಾಕಿದಾಗ, ಯಾರಿವರು ಎಂದು ಅವತ್ತಿಡೀ ದಿನ ಜನ ಹುಡುಕುತ್ತಿದ್ದರು.