ಶಿಕ್ಷಕಿಯರ ತಾಯಿ ಪೂಜ್ಯ ಮೇರಿ ವಾರ್ಡ್

ನಮ್ಮ ನಾಡಿನಲ್ಲಿ ಕಾನ್ವೆಂಟ್ ಎಂಬ ಪದಕ್ಕೆ ಬೇರೆಯೇ ಒಂದು ಅರ್ಥ ಅಂಟಿಕೊಂಡಿದೆ. ಮಗು ಕಾನ್ವೆಂಟಿಗೆ ಹೋಗುತ್ತದೆ ಎಂದರೆ ಇಂಗ್ಲಿಷ್ ಕಲಿಯುತ್ತದೆ ಎಂದೇ ಜನರು ತಿಳಿಯುತ್ತಾರೆ. ಕನ್ಯಾಮಠವೆಂಬ ಮೂಲಾರ್ಥ ಯಾರ ನೆನಪಿಗೂ ಬಾರದು. ಧರ್ಮಭಗಿನಿಯೊಬ್ಬರು ತರಗತಿಯಲ್ಲಿ ನಿಂತು ಪಾಠ ಹೇಳುವುದು ನಮಗೆ ಅಷ್ಟು ಸಹಜವಾಗಿ ಹೋಗಿದೆ. ಆದರೆ ನಾನೂರು ವರ್ಷಗಳ ಹಿಂದೆ ವ್ರತಧಾರಿಣಿಯಾದ ಸ್ತ್ರೀ ಮಠದ ಗೋಡೆಯಿಂದ ಹೊರಬಂದು ಬೀದಿಯ ಮಕ್ಕಳಿಗೆ ಅಕ್ಷರ ಕಲಿಸುವುದನ್ನು ಧರ್ಮಸಭೆಯೇ ಒಪ್ಪುತ್ತಿರಲಿಲ್ಲ. ಆ ಕಾರ್ಯಕ್ಕಾಗಿ ದೇಶಭ್ರಷ್ಟೆಯಾಗಿ, ಸೆರೆವಾಸ ಅನುಭವಿಸಿ, ಯುದ್ಧದ ನಡುವೆ ಕಣ್ಮುಚ್ಚಿದ ಮೇರಿ ವಾರ್ಡ್ ಅವರ ಜೀವನವನ್ನು ಈ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ನಮ್ಮ ಧರ್ಮಕೇಂದ್ರದ ಬಂಧುಗಳ ಮುಂದಿಡಲು ಬಯಸುತ್ತೇವೆ.

ಮೇರಿ ಹುಟ್ಟಿದ್ದು 1585ರ ಜನವರಿ 23ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಮಲ್ವಿತ್ ಎಂಬಲ್ಲಿ. ರಾಣಿ ಒಂದನೆಯ ಎಲಿಜಬೆತ್ ಆಳುತ್ತಿದ್ದ ಕಾಲವದು. ದಿವ್ಯಬಲಿಪೂಜೆಯಲ್ಲಿ ಪಾಲ್ಗೊಳ್ಳುವುದೇ ಅಪರಾಧ; ಗುರುಗಳಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆ. ಬಾಲ್ಯದ ಐದು ವರ್ಷಗಳನ್ನು ಆಕೆ ಕಳೆದದ್ದು ತಾಯಿಯ ತಾಯಿಯ ಮನೆಯಲ್ಲಿ. ಆ ಅಜ್ಜಿ ವಿಶ್ವಾಸಕ್ಕಾಗಿ ಹಲವು ವರ್ಷ ಸೆರೆಯಲ್ಲಿದ್ದವರು. 1605ರಲ್ಲಿ ಸಂಸತ್ ಭವನವನ್ನು ಮದ್ದಿನಿಂದ ಸಿಡಿಸಲು ನಡೆದ ಸಂಚಿನಲ್ಲಿ ಮೇರಿಯ ಇಬ್ಬರು ಸೋದರಮಾವಂದಿರು, ಜಾನ್ ಮತ್ತು ಕ್ರಿಸ್ಟೋಫರ್ ರೈಟ್, ಸೇರಿದ್ದರು. ಇಬ್ಬರೂ ಗುಂಡಿಗೆ ಬಲಿಯಾದರು. ಹಿಂಸೆಗೆ ಹಿಂಸೆಯೇ ಉತ್ತರವೆಂದು ನಂಬಿ ಮಾವಂದಿರು ಹಿಡಿದ ಹಾದಿ ಒಂದಾದರೆ, ಸೊಸೆ ಆರಿಸಿಕೊಂಡದ್ದು ಬೇರೊಂದು.

1606ರಲ್ಲಿ ಆಕೆ ಕಡಲು ದಾಟಿ, ಅಂದು ಸ್ಪೇನಿನ ಆಳ್ವಿಕೆಯಲ್ಲಿದ್ದ ಆರ್ಟ್ವಾ ಪ್ರಾಂತ್ಯದ ಸೇಂಟ್ ಓಮರ್ ಪಟ್ಟಣದಲ್ಲಿ ಸಂತ ಕ್ಲಾರಮ್ಮನವರ ಮಠವನ್ನು ಸೇರಿದರು. ಆದರೆ ತಮ್ಮ ಕರೆ ಅದಲ್ಲವೆಂದು ಮನಗಂಡು ಹೊರಬಂದರು. 1609ರ ಹೊತ್ತಿಗೆ ವಿನಿಫ್ರೆಡ್ ವಿಗ್ಮೋರ್, ಮೇರಿ ಪಾಯಿಂಟ್ಸ್ ಮೊದಲಾದ ಸಂಗಾತಿಯರು ಕೂಡಿಕೊಂಡರು. ತಾಯ್ನಾಡಿನಲ್ಲಿ ಕಥೋಲಿಕ ಶಿಕ್ಷಣ ಸಿಗದೆ ಗಡಿಪಾರಾದ ಇಂಗ್ಲಿಷ್ ಹೆಣ್ಣುಮಕ್ಕಳಿಗೆ ವಸತಿಶಾಲೆ, ಊರಿನ ಬಾಲಕಿಯರಿಗೆ ಉಚಿತ ಶಾಲೆ, ಇವು ಅವರ ಮೊದಲ ಕಾರ್ಯ. ಸಂತ ಇಗ್ನಾಸಿಯವರ ಯೇಸುಸಭೆಯ ಮಾದರಿಯನ್ನೇ ತಾವೂ ಅನುಸರಿಸಬೇಕೆಂಬುದು 1611ರಲ್ಲಿ ಮೇರಿಗೆ ಪ್ರಾರ್ಥನೆಯಲ್ಲಿ ಸ್ಪಷ್ಟವಾಯಿತು. ಮಠದ ಆವರಣವಿಲ್ಲ, ವಿಶೇಷ ಉಡುಪಿಲ್ಲ, ಕರೆದಲ್ಲಿಗೆ ಹೋಗುವ ಸ್ವಾತಂತ್ರ್ಯ ಬೇಕು. ಹೆಂಗಸರಿಗೆ ಇದೆಲ್ಲ ಏಕೆಂದು ಕೇಳಿದವರು ಬಹಳ. ಇವರು ಕೇವಲ ಹೆಂಗಸರು, ಈ ಉತ್ಸಾಹ ಬೇಗನೆ ತಣ್ಣಗಾಗುವುದೆಂದು ಗುರುಗಳೊಬ್ಬರು ಆಡಿದ ಮಾತು ಕಿವಿಗೆ ಬಿದ್ದಾಗ, ಮೇರಿ 1617ರಲ್ಲಿ ತಮ್ಮ ಭಗಿನಿಯರನ್ನು ಕೂರಿಸಿಕೊಂಡು, ಉತ್ಸಾಹವು ಗಂಡು ಹೆಣ್ಣೆಂಬ ಭೇದವನ್ನು ಅವಲಂಬಿಸಿಲ್ಲ, ಸತ್ಯವನ್ನು ಅರಸುವ ಮನಸ್ಸನ್ನು ಅವಲಂಬಿಸಿದೆ ಎಂದು ವಿವರಿಸಿದರು.

ಈ ಶಿಕ್ಷಕಿಯರು ಇಂಗ್ಲೆಂಡಿನೊಳಗೆ ಹೇಗೆ ದುಡಿದರೆಂಬುದಕ್ಕೆ ಸಿಸ್ಟರ್ ಡೊರೊಥಿಯಾ ಎಂಬುವರು ಬರೆದಿಟ್ಟ ವರದಿಯೊಂದು ಉಳಿದುಬಂದಿದೆ. ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕುವುದು ಅದೇ. 1620ರ ದಶಕದ ಆರಂಭದಲ್ಲಿ ಆಕೆ ಸಫೋಕ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ, ಬಡ ಹೆಂಗಸಿನ ಮನೆಯಲ್ಲಿ, ಬಂಧುವೆಂಬ ಸೋಗಿನಲ್ಲಿ ತಂಗಿದ್ದರು. ಒರಟು ಬಟ್ಟೆಯೇ ಸಮವಸ್ತ್ರ. ಹೊರನಾಡಿನಲ್ಲಿ ನಡೆಸುವಂತೆ ಬಹಿರಂಗವಾಗಿ ಶಾಲೆ ತೆರೆಯುವ ಧೈರ್ಯ ಅಲ್ಲಿ ಸಾಧ್ಯವಿರಲಿಲ್ಲವಾದ್ದರಿಂದ, ಮನೆಮನೆಗೆ ಹೋಗಿ ಮಕ್ಕಳಿಗೆ ಕಲಿಸುತ್ತಿದ್ದರು. ಪರಲೋಕ ಜಪ, ನಮೋ ಮರಿಯ, ವಿಶ್ವಾಸಸಂಗ್ರಹ, ದೇವರ ಹತ್ತು ಕಟ್ಟಳೆಗಳು ಬಡಜನರ ನಾಲಿಗೆಗೆ ಬಂದವು. ರೋಗಿಗಳ ಶುಶ್ರೂಷೆ, ಮುಲಾಮು ತಯಾರಿಕೆ, ಜಗಳವಾಡಿದ ನೆರೆಹೊರೆಯವರ ರಾಜಿ, ಇವೂ ಆಕೆಯ ಪಾಠದ ಭಾಗವೇ ಆಗಿದ್ದವು. ಗಂಟೆಯಿಲ್ಲ, ಹಲಗೆಯಿಲ್ಲ, ಹಾಜರಿ ಪುಸ್ತಕವಿಲ್ಲ. ಇಂಥ ಒಂಟಿ ಶಿಕ್ಷಕಿಯ ಬೆನ್ನ ಹಿಂದೆ ನಿಂತದ್ದು ಮೇರಿ ವಾರ್ಡ್ ಕಟ್ಟಿದ ಬಳಗ. ತಾವೇ ವೇಷ ಮರೆಸಿಕೊಂಡು ಇಂಗ್ಲೆಂಡಿಗೆ ಅನೇಕ ಸಲ ಬಂದುಹೋದ ಮೇರಿಗೆ ಆ ಏಕಾಂತದ ಭಾರ ತಿಳಿಯದ್ದೇನೂ ಅಲ್ಲ.

ಪವಿತ್ರ ಪೀಠದ ಅನುಮತಿ ಬೇಡಲು 1621ರ ಅಕ್ಟೋಬರಿನಲ್ಲಿ ಮೇರಿ ಮತ್ತು ಸಂಗಾತಿಯರು ಯಾತ್ರಿಕರ ಉಡುಪಿನಲ್ಲಿ ಕಾಲ್ನಡಿಗೆಯಿಂದ ರೋಮಿಗೆ ಹೊರಟರು. ಮೂವತ್ತು ವರ್ಷಗಳ ಯುದ್ಧ ಆಗಲೇ ಹೊತ್ತಿಕೊಂಡಿತ್ತು. ಆಲ್ಪ್ಸ್ ಪರ್ವತ ದಾಟಿ ಕ್ರಿಸ್ತಜಯಂತಿಯ ಹಿಂದಿನ ದಿನ ಅವರು ರೋಮನ್ನು ಮುಟ್ಟಿದರು. ಅನುಮತಿ ಸಿಗಲಿಲ್ಲ. ರೋಮ್, ನೇಪಲ್ಸ್, ಪೆರೂಜಿಯಗಳಲ್ಲಿ ಶಾಲೆಗಳೇನೋ ತೆರೆದವು. ರೋಮಿನದು 1625ರಲ್ಲಿ ಮುಚ್ಚಿತು. ಮತ್ತೆ ಉತ್ತರಕ್ಕೆ ನಡೆದು 1627ರಲ್ಲಿ ಮ್ಯೂನಿಕ್ ಮತ್ತು ವಿಯೆನ್ನಾ, 1628ರಲ್ಲಿ ಪ್ರೆಸ್‌ಬರ್ಗ್ ಪಟ್ಟಣಗಳಲ್ಲಿ ಯುದ್ಧದ ನಡುವೆಯೇ ಬಾಲಕಿಯರ ಶಾಲೆಗಳನ್ನು ಆರಂಭಿಸಿದರು.

ಇನ್ನು ಬರೆಯಬೇಕಾದದ್ದು ನೋವಿನ ಅಧ್ಯಾಯ. ಅದನ್ನು ಮರೆಮಾಚುವುದು ನಮಗೆ ತರವಲ್ಲವೆಂದು ಭಾವಿಸುತ್ತೇವೆ. ಮನೆಗಳನ್ನು ಮುಚ್ಚಬೇಕೆಂಬ ಆದೇಶಗಳು ಬರತೊಡಗಿದಾಗ, ಅವು ಜಗದ್ಗುರುಗಳಿಂದಲೇ ಬಂದವೆಂದು ಮೇರಿ ನಂಬಲಿಲ್ಲ. ಅವಕ್ಕೆ ಮಣಿಯಬೇಡಿರೆಂದು 1630ರ ಏಪ್ರಿಲ್‌ನಲ್ಲಿ ಭಗಿನಿಯರಿಗೆ ಬರೆದರು. ಅಲ್ಲಿ ಆಕೆ ಎಡವಿದರು ಎನ್ನಬೇಕು. ಅದಕ್ಕೆ ತೆತ್ತ ಬೆಲೆಯಾದರೋ ಅತಿಯಾಯಿತು. ಎಂಟನೆಯ ಅರ್ಬನ್ ಜಗದ್ಗುರುಗಳು 1631ರ ಜನವರಿ 13ರ ಆಜ್ಞಾಪತ್ರದಿಂದ ಸಂಸ್ಥೆಯನ್ನೇ ರದ್ದುಗೊಳಿಸಿದರು. ಫೆಬ್ರವರಿ 7ರಂದು ಮೇರಿಯನ್ನು ಪಾಷಂಡಿಯೆಂದು ಬಂಧಿಸಿ, ಮ್ಯೂನಿಕ್ಕಿನ ಕ್ಲಾರಮ್ಮನವರ ಮಠದ ಕಿರುಕೋಣೆಯೊಂದರಲ್ಲಿ ಕೂಡಿಹಾಕಲಾಯಿತು. ಹೊರಗಿದ್ದ ಭಗಿನಿಯರಿಗೆ ಆಕೆ ಪೊಟ್ಟಣ ಕಟ್ಟುವ ಕಾಗದದ ಮೇಲೆ ನಿಂಬೆಹಣ್ಣಿನ ರಸದಿಂದ ಪತ್ರ ಬರೆದರು. ಬೆಂಕಿಯ ಕಾವಿಗೆ ಹಿಡಿದರೆ ಮಾತ್ರ ಅಕ್ಷರ ಮೂಡುತ್ತಿತ್ತು. ಮನಸ್ಸನ್ನು ಕುಗ್ಗಿಸಬೇಡಿ, ಹರ್ಷದಿಂದಿರಿ ಎಂಬುದೇ ಅವುಗಳ ಸಾರ. ಜ್ವರ ಉಲ್ಬಣಿಸಿ ಸಾವು ಸಮೀಪಿಸಿತೆಂದು ತೋರಿದಾಗ ಅಂತ್ಯಸಂಸ್ಕಾರ ಬೇಡಿದರು. ಒಂದು ಹೇಳಿಕೆಗೆ ಸಹಿ ಹಾಕಿದರೆ ಮಾತ್ರ ಎಂಬ ಷರತ್ತು ಬಂದಿತು. ತಾನು ಪಾಷಂಡಿಯೆಂದು ಧ್ವನಿಸುವ ಆ ಕಾಗದಕ್ಕೆ ಆಕೆ ಸಹಿ ಹಾಕಲಿಲ್ಲ. ಧರ್ಮಸಭೆಗೂ ಜಗದ್ಗುರುಗಳಿಗೂ ತಾನು ಸದಾ ವಿಧೇಯಳೆಂದು ಸ್ವಂತ ಹೇಳಿಕೆಯನ್ನು ಬರೆದುಕೊಟ್ಟರು. ರದ್ದತಿಯ ಆಜ್ಞೆ ನಿಜವೆಂದು ತಿಳಿದಾಗ ಎಲ್ಲರೂ ತಲೆಬಾಗಬೇಕೆಂದು ಸೆರೆಯಿಂದಲೇ ತಿಳಿಸಿದರು. ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಮುಂದೆ ರೋಮಿನಲ್ಲಿ ಜಗದ್ಗುರುಗಳೇ ಆಕೆಯನ್ನು ಆ ಕಳಂಕದಿಂದ ಮುಕ್ತಗೊಳಿಸಿದರು. ಸಂಸ್ಥೆ ಮಾತ್ರ ಮರಳಲಿಲ್ಲ.

1639ರಲ್ಲಿ ಮೇರಿ ಇಂಗ್ಲೆಂಡಿಗೆ ಹಿಂದಿರುಗಿದರು. 1642ರಲ್ಲಿ ಅಂತರ್ಯುದ್ಧ ಆರಂಭವಾಗಿ, ಲಂಡನ್ನಿನಿಂದ ಯಾರ್ಕ್‌ಷೈರಿಗೆ ಸರಿಯಬೇಕಾಯಿತು. 1644ರಲ್ಲಿ ಸಂಸತ್ತಿನ ಪಡೆಗಳು ಯಾರ್ಕ್ ನಗರವನ್ನು ಮುತ್ತಿದಾಗ, ಹೊರವಲಯದ ಹೆವರ್ತ್‌ನಲ್ಲಿದ್ದ ಈ ಪುಟ್ಟ ಬಳಗ ಕೋಟೆಯೊಳಗೆ ಆಶ್ರಯ ಪಡೆಯಿತು. ಮುತ್ತಿಗೆ ಮುಗಿದ ಮೇಲೆ ಮತ್ತೆ ಅದೇ ಮನೆಗೆ ಮರಳಿದರು. ತಮ್ಮ ಕರೆಯನ್ನು ಸ್ಥಿರವಾಗಿ, ಪ್ರೀತಿಯಿಂದ ಪಾಲಿಸಿರೆಂದು ಭಗಿನಿಯರಿಗೆ ಒಪ್ಪಿಸಿ, 1645ರ ಜನವರಿ 30ರಂದು ಮೇರಿ ಪ್ರಭುವಿನಲ್ಲಿ ನಿದ್ರಿಸಿದರು.

ಸಂಸ್ಥೆಯಿಲ್ಲದೆಯೂ ಸಂಗಾತಿಯರು ಕಲಿಸುತ್ತಲೇ ಇದ್ದರು. 1686ರಲ್ಲಿ ಯಾರ್ಕ್ ನಗರದ ಬಾರ್ ಕಾನ್ವೆಂಟ್ ಸ್ಥಾಪನೆಯಾಯಿತು. ಅಲ್ಲಿ ತರಬೇತಿ ಪಡೆದ ತೆರೇಸಾ ಬಾಲ್ ಐರ್ಲೆಂಡಿನಲ್ಲಿ ಲೊರೆಟೊ ಶಾಖೆಯನ್ನು ನೆಟ್ಟರು. ಆ ಭಗಿನಿಯರು 1841ರ ಕೊನೆಯಲ್ಲಿ ಕಲ್ಕತ್ತೆಗೆ ಬಂದಿಳಿದರು. 1928ರಲ್ಲಿ ಆಗ್ನೆಸ್ ಎಂಬ ಅಲ್ಬೇನಿಯನ್ ಯುವತಿ ಐರ್ಲೆಂಡಿನ ಅದೇ ಲೊರೆಟೊ ಮಠದಲ್ಲಿ ಇಂಗ್ಲಿಷ್ ಕಲಿತು ಭಾರತಕ್ಕೆ ಹೊರಟಳು. ಕಲ್ಕತ್ತೆಯ ಸಂತ ತೆರೇಸಾ ಅವರೇ ಆಕೆ. ಮೇರಿ ವಾರ್ಡ್ ಅವರನ್ನು ಸ್ಥಾಪಕಿಯೆಂದು ಹೆಸರಿಸಲು ಭಗಿನಿಯರಿಗೆ ಅನುಮತಿ ದೊರೆತದ್ದು 1909ರಲ್ಲಿ. ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು ಆಕೆಯನ್ನು ಪೂಜ್ಯಳೆಂದು ಘೋಷಿಸಿದ್ದು 2009ರ ಡಿಸೆಂಬರ್ 19ರಂದು.

ಕಥೋಲಿಕರ ಸಮಾಧಿಗೆ ಅಂದು ಸ್ಥಳ ದೊರೆಯುವುದು ಸುಲಭವಿರಲಿಲ್ಲ. ಯಾರ್ಕ್ ಬಳಿಯ ಆಸ್ಬಾಲ್ಡ್‌ವಿಕ್ ಹಳ್ಳಿಯ ಆಂಗ್ಲಿಕನ್ ದೇವಾಲಯದ ಅಂಗಳದಲ್ಲಿ ಆಕೆಯನ್ನು ಹೂಳಲಾಯಿತು. ಸಮಾಧಿಯ ಕಲ್ಲು ಈಗ ಆ ದೇವಾಲಯದ ಒಳಗಿದೆ. ಭಗಿನಿಯರು ಅದರ ಮೇಲೆ ಎಚ್ಚರದಿಂದ ಅಕ್ಷರ ಕೆತ್ತಿಸಿದ್ದಾರೆ: ಮಠದ ಮಾತಿಲ್ಲ, ಸಂಸ್ಥೆಯ ಹೆಸರಿಲ್ಲ, ಬಡವರನ್ನು ಪ್ರೀತಿಸಿ ಅವರೊಡನೆ ಬಾಳಿದ ಹೆಣ್ಣೆಂದಷ್ಟೇ ಇದೆ.